ಅರ್ಧ ಥ್ರಾಟಲ್, ಪೂರ್ತಿ ಬಿಸಿ: 3ಎಸ್ ಬ್ರಷ್‌ಲೆಸ್ ಗಾಡಿಯೊಂದರ ಪ್ರಕರಣ ಅಧ್ಯಯನ

ಗಾಡಿ ರೇಡಿಯೊದಿಂದ ಓಡಿಸುವ, 1:10 ಅಳತೆಯ ಶಾರ್ಟ್ ಕೋರ್ಸ್ ಟ್ರಕ್ (ಮಣ್ಣಿನ ಹಾದಿಯ ರೇಸ್ ಟ್ರಕ್ಕಿನ ಮಾದರಿ), ನಾಲ್ಕೂ ಚಕ್ರಗಳಿಗೆ ಚಾಲನೆ. 3500 ಕೆವಿಯ (ವೋಲ್ಟ್ ಒಂದಕ್ಕೆ ನಿಮಿಷಕ್ಕೆ 3500 ಸುತ್ತು) ಸೆನ್ಸರ್ ಇಲ್ಲದ ಬ್ರಷ್‌ಲೆಸ್ ಮೋಟರ್, 3ಎಸ್ (ಸರಣಿಯಲ್ಲಿ ಮೂರು ಸೆಲ್, 11.1 ವೋಲ್ಟ್) 5000 ಎಂಎಎಚ್ ಲಿಪೊ ಬ್ಯಾಟರಿ, ಮೋಟರಿನ ಅಕ್ಷದ ಮೇಲೆ 13 ಹಲ್ಲಿನ ಪಿನಿಯನ್ ಗೇರು, ಅದು ತಿರುಗಿಸುವ 54 ಹಲ್ಲಿನ ಸ್ಪರ್ ಗೇರು. ಡಿಫರೆನ್ಷಿಯಲ್‌ನ ಒಳಗಿನ ಅನುಪಾತ 2.85 ಇರುವುದರಿಂದ ಒಟ್ಟು ಗೇರ್ ಅನುಪಾತ 11.8. ಟೈರಿನ ವ್ಯಾಸ 109 ಮಿಲಿಮೀಟರ್, ಬ್ಯಾಟರಿ ಸೇರಿ ತೂಕ 2.7 ಕಿಲೋ. ಈ ವರ್ಗದಲ್ಲಿ ತೀರಾ ಸಾಮಾನ್ಯವಾದ ಜೋಡಣೆ ಇದು.

ಇಂಥ ಗಾಡಿಯನ್ನು ಎಂಟು ವರ್ಷದ ಮಗುವಿನ ಕೈಗೆ ಕೊಡಬೇಕಾಗಿದೆ. ರೇಡಿಯೊದಲ್ಲಿರುವ ಥ್ರಾಟಲ್ ಮಿತಿಯ ಸ್ವಿಚ್ಚನ್ನು 50 ಶೇಕಡಾಕ್ಕೆ ಇಟ್ಟು ಕೊಡುತ್ತಾರೆ. ಡಾಂಬರು ರಸ್ತೆಯ ಮೇಲೆ ಒಂದು ಬ್ಯಾಟರಿ ಮುಗಿಯುವವರೆಗೆ ಏನೂ ತೊಂದರೆಯಿಲ್ಲ. ಅದೇ ಗಾಡಿ ಕತ್ತರಿಸದ ಹುಲ್ಲಿನ ಮೈದಾನಕ್ಕೆ ಇಳಿದರೆ ಕೆಲವೇ ನಿಮಿಷಗಳಲ್ಲಿ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕ) ಬಿಸಿ ತಾಳದೆ ಮೋಟರನ್ನು ನಿಲ್ಲಿಸುತ್ತದೆ. ತಣಿದ ಮೇಲೆ ಓಡುತ್ತದೆ, ಮತ್ತೆ ನಿಲ್ಲುತ್ತದೆ. ಬ್ಯಾಟರಿ ಮತ್ತು ಇಎಸ್‌ಸಿ ನಡುವೆ ವ್ಯಾಟ್‌ಮೀಟರ್ ಸೇರಿಸಿ ನೋಡಿದರೆ ಹುಲ್ಲಿನಲ್ಲೂ 12–13 ಆಂಪ್‌ಗಿಂತ ಹೆಚ್ಚು ಕಾಣುವುದಿಲ್ಲ. ಇಎಸ್‌ಸಿಯ ಮೇಲಿನ ಚೀಟಿ ಹಲವು ಪಟ್ಟು ದೊಡ್ಡ ಅಂಕಿ ಹೇಳುತ್ತಿರುತ್ತದೆ. ಆದ್ದರಿಂದ ಇಎಸ್‌ಸಿಯೇ ಕೆಟ್ಟಿದೆ ಎಂದುಕೊಂಡು ಹೊಸದು ಹಾಕುತ್ತಾರೆ. ಹೊಸದೂ ಅದೇ ಹುಲ್ಲಿನಲ್ಲಿ ಅದೇ ರೀತಿ ನಿಲ್ಲುತ್ತದೆ.

ಇಲ್ಲಿ ಇಎಸ್‌ಸಿ ಕೆಟ್ಟಿಲ್ಲ, ಮೀಟರ್ ಸುಳ್ಳು ಹೇಳುತ್ತಿಲ್ಲ. ಅರ್ಧ ಥ್ರಾಟಲ್ ಎಂದರೆ ಅರ್ಧ ಹೊರೆ ಎಂಬ ಲೆಕ್ಕ ತಪ್ಪು. ಮುಂದೆ ಬರುವ ಅಂಕಿಗಳೆಲ್ಲ ಈ ಗಾಡಿಯ ಅಳತೆಗಳಿಂದ ಕಟ್ಟಿದ ಲೆಕ್ಕ. ನಿಮ್ಮ ಗಾಡಿಯ ಹಲ್ಲು, ಕೆವಿ, ಟೈರಿನ ಅಳತೆ ಹಾಕಿದರೆ ನಿಮ್ಮ ಉತ್ತರ ಬರುತ್ತದೆ.

ಥ್ರಾಟಲ್ ಮಿತಿಗೆ ಸಿಗುವುದು ವೋಲ್ಟೇಜ್ ಮಾತ್ರ

ರೇಡಿಯೊ ರಿಸೀವರ್‌ಗೆ ಕಳಿಸುವ ಸಂಕೇತದಲ್ಲಿ 1500 ಮೈಕ್ರೊಸೆಕೆಂಡ್ ಎಂದರೆ ತಟಸ್ಥ, 2000 ಎಂದರೆ ಪೂರ್ತಿ ಮುಂದಕ್ಕೆ. ಮಿತಿ 50ಕ್ಕೆ ಇಟ್ಟರೆ ಟ್ರಿಗರನ್ನು ತುದಿಯವರೆಗೆ ಒತ್ತಿದರೂ 1750 ದಾಟುವುದಿಲ್ಲ. ಇಎಸ್‌ಸಿ ಇದನ್ನು ಓದಿ ಬ್ಯಾಟರಿಯನ್ನು ಮೋಟರಿಗೆ ಸೆಕೆಂಡಿಗೆ ಸಾವಿರಾರು ಬಾರಿ ಜೋಡಿಸಿ ಬಿಡಿಸುತ್ತದೆ. ಅರ್ಧ ಹೊತ್ತು ಜೋಡಣೆ, ಅರ್ಧ ಹೊತ್ತು ಬಿಡುವು. ಮೋಟರಿಗೆ ಸಿಗುವ ಸರಾಸರಿ ವೋಲ್ಟೇಜ್ 11.1ರ ಅರ್ಧ, ಅಂದರೆ ಸುಮಾರು 5.5.

ವೋಲ್ಟೇಜ್ ನಿರ್ಧರಿಸುವುದು ವೇಗವನ್ನು. 11.1 ವೋಲ್ಟ್‌ಗೆ 3500 ಕೆವಿ ಎಂದರೆ ನಿಮಿಷಕ್ಕೆ 38,850 ಸುತ್ತು. ಅದನ್ನು 11.8ರಿಂದ ಭಾಗಿಸಿ ಟೈರಿನ ಸುತ್ತಳತೆಯಿಂದ ಗುಣಿಸಿದರೆ ಗಂಟೆಗೆ 67 ಕಿಲೋಮೀಟರ್ ಆಸುಪಾಸು. ಹೊರೆ ಇಲ್ಲದ ಲೆಕ್ಕ ಇದು, ನೆಲದ ಮೇಲೆ ಇನ್ನಷ್ಟು ಇಳಿಯುತ್ತದೆ. ಅರ್ಧ ಥ್ರಾಟಲ್‌ನಲ್ಲಿ 34. ವೇಗದ ಮಟ್ಟಿಗೆ ಸ್ವಿಚ್ಚು ತನ್ನ ಕೆಲಸ ಮಾಡಿದೆ.

ಕರೆಂಟನ್ನು ನಿರ್ಧರಿಸುವುದು ಟಾರ್ಕ್. ಚಕ್ರ ಎಷ್ಟು ಬಲವಾಗಿ ತಳ್ಳಬೇಕೋ ಅಷ್ಟು ಆಂಪ್ ಮೋಟರ್ ಎಳೆದುಕೊಳ್ಳಲೇಬೇಕು, ವೇಗ ಎಷ್ಟಾದರೂ ಇರಲಿ. 3500 ಕೆವಿಯ ಮೋಟರ್ ಒಂದು ಆಂಪ್‌ಗೆ ಕೊಡುವ ಟಾರ್ಕ್ 0.0027 ನ್ಯೂಟನ್ ಮೀಟರ್. ಗೇರುಗಳ ಮೂಲಕ 11.8 ಪಟ್ಟಾಗಿ, 15 ಶೇಕಡಾ ದಾರಿಯಲ್ಲಿ ಕಳೆದು, 54 ಮಿಲಿಮೀಟರ್ ತ್ರಿಜ್ಯದ ಟೈರ್ ನೆಲ ಮುಟ್ಟುವಲ್ಲಿ ಉಳಿಯುವುದು ಆಂಪ್ ಒಂದಕ್ಕೆ ಸುಮಾರು ಅರ್ಧ ನ್ಯೂಟನ್. ದಟ್ಟ ಹುಲ್ಲು ಗಾಡಿಯ ತೂಕದ ಅರ್ಧದಷ್ಟು ಬಲದಿಂದ, ಅಂದರೆ 12–13 ನ್ಯೂಟನ್‌ನಿಂದ ಹಿಂದಕ್ಕೆ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಮೋಟರಿಗೆ ಬೇಕಾದದ್ದು 25 ಆಂಪ್. ಥ್ರಾಟಲ್ ಮಿತಿ ಈ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಿ.

ಹಾಗಾದರೆ ಮೀಟರ್ 12.5 ತೋರಿಸಿದ್ದು ಏಕೆ? ಬ್ಯಾಟರಿ ಅರ್ಧ ಹೊತ್ತು ಮಾತ್ರ ಜೋಡಣೆಯಲ್ಲಿರುತ್ತದೆ. ಮೋಟರಿನಲ್ಲಿ ಕರೆಂಟ್ ಎಡೆಬಿಡದೆ 25 ಆಂಪ್ ಹರಿಯುತ್ತಿದ್ದರೂ ಬ್ಯಾಟರಿಯಿಂದ ಬರುವ ಸರಾಸರಿ ಅದರ ಅರ್ಧ. ಬ್ಯಾಟರಿ ಕಡೆ ಕೂರಿಸಿದ ಮೀಟರ್ ಭಾಗಶಃ ಥ್ರಾಟಲ್‌ನಲ್ಲಿ ಮೋಟರಿನ ಕರೆಂಟನ್ನು ಯಾವಾಗಲೂ ಕಡಿಮೆ ತೋರಿಸುತ್ತದೆ. ನಿಜ ಬೇಕಿದ್ದರೆ ಓದಿದ ಅಂಕಿಯನ್ನು ಥ್ರಾಟಲ್ ಭಾಗದಿಂದ ಭಾಗಿಸಬೇಕು.

ಬಿಸಿ ಹುಟ್ಟುವ ಜಾಗ

ಬ್ರಷ್‌ಲೆಸ್ ಇಎಸ್‌ಸಿಯಲ್ಲಿ ಮೂರು ಜೋಡಿ ಮಾಸ್‌ಫೆಟ್ (ಕರೆಂಟನ್ನು ಬಿಡುವ, ತಡೆಯುವ ಎಲೆಕ್ಟ್ರಾನಿಕ್ ಸ್ವಿಚ್ಚು) ಇರುತ್ತವೆ. ಪ್ರತಿ ಸ್ಥಾನದಲ್ಲೂ ಹಲವನ್ನು ಸಮಾನಾಂತರವಾಗಿ ಜೋಡಿಸಿರುವುದು ರೂಢಿ. ಯಾವುದೇ ಕ್ಷಣದಲ್ಲಿ ಕರೆಂಟ್ ಹೋಗುವುದು ಮೇಲಿನ ಒಂದು, ಕೆಳಗಿನ ಒಂದು ಸ್ಥಾನದ ಮೂಲಕ. ಎರಡೂ ಸೇರಿ ರೋಧ 2 ಮಿಲಿಓಮ್ ಎನ್ನೋಣ. ಪೂರ್ತಿ ಥ್ರಾಟಲ್‌ನಲ್ಲಿ 25 ಆಂಪ್ ಹರಿದರೆ ಕಳೆಯುವುದು 25 × 25 × 0.002, ಅಂದರೆ 1.25 ವ್ಯಾಟ್. ಬೆರಳಿಟ್ಟರೆ ಬೆಚ್ಚಗೆ ಅನ್ನಿಸುವಷ್ಟು, ಅಷ್ಟೇ.

ಅರ್ಧ ಥ್ರಾಟಲ್‌ನ ಚಿತ್ರ ಬೇರೆ. ಮೇಲಿನ ಮಾಸ್‌ಫೆಟ್ ಮುಚ್ಚಿದ ಮಾತ್ರಕ್ಕೆ ಮೋಟರಿನ ಕರೆಂಟ್ ನಿಲ್ಲುವುದಿಲ್ಲ. ಸುರುಳಿಗಳ ಇಂಡಕ್ಟೆನ್ಸ್ ಅದನ್ನು ಹರಿಸುತ್ತಲೇ ಇರುತ್ತದೆ, ದಾರಿ ಬೇಕು. ಅದಕ್ಕೆ ಸಿಗುವ ದಾರಿ ಅದೇ ಜೋಡಿಯ ಕೆಳ ಮಾಸ್‌ಫೆಟ್‌ನ ಒಡಲಲ್ಲೇ ಇರುವ ಡಯೋಡ್. ಆ ಡಯೋಡ್‌ನ ಮೇಲೆ ಬೀಳುವ ವೋಲ್ಟೇಜ್ ಸುಮಾರು 0.8. 25 ಆಂಪ್, 0.8 ವೋಲ್ಟ್, ಅರ್ಧ ಹೊತ್ತು: 10 ವ್ಯಾಟ್. ಜೊತೆಗೆ ಪ್ರತಿ ಬಾರಿ ತೆರೆದು ಮುಚ್ಚುವಾಗಿನ ನಷ್ಟ. ಸ್ವಿಚಿಂಗ್ 16 ಕಿಲೋಹರ್ಟ್ಜ್, ಏರಿಳಿತಕ್ಕೆ ಒಟ್ಟು 0.4 ಮೈಕ್ರೊಸೆಕೆಂಡ್ ಎಂದು ಹಿಡಿದರೆ ಅದು ಇನ್ನೊಂದು ವ್ಯಾಟ್‌ಗೆ ಸ್ವಲ್ಪ ಕಡಿಮೆ. ಮಾಸ್‌ಫೆಟ್‌ನ ರೋಧದ ಪಾಲೂ ಸೇರಿ ಮೊತ್ತ 12 ವ್ಯಾಟ್‌ಗೆ ಹತ್ತಿರ. ಹೊರೆ ಅದೇ, ಮೋಟರಿನ ಆಂಪ್ ಅದೇ, ಗಾಡಿಯ ವೇಗ ಅರ್ಧ. ಆದರೆ ಇಎಸ್‌ಸಿಯೊಳಗಿನ ಬಿಸಿ ಒಂಬತ್ತು ಪಟ್ಟಿಗಿಂತ ಹೆಚ್ಚು. ಇಡೀ ಪ್ರಕರಣದ ಗಂಟು ಇರುವುದು ಇಲ್ಲಿ.

ಕೆಲವು ಇಎಸ್‌ಸಿಗಳು ಬಿಡುವಿನ ಹೊತ್ತಿನಲ್ಲಿ ಆ ಕೆಳ ಮಾಸ್‌ಫೆಟ್ಟನ್ನೇ ತೆರೆದು ಡಯೋಡ್‌ನ ಭಾರ ಇಳಿಸುತ್ತವೆ. ಸಿಂಕ್ರೊನಸ್ ರೆಕ್ಟಿಫಿಕೇಷನ್, ಆಕ್ಟಿವ್ ಫ್ರೀವೀಲಿಂಗ್ ಎಂಬ ಹೆಸರುಗಳಲ್ಲಿ ಕೈಪಿಡಿಯಲ್ಲಿ ಕಾಣಬಹುದು. ಅದಿದ್ದರೆ ಆ 10 ವ್ಯಾಟ್‌ನ ಬಹುಪಾಲು ಮಾಯವಾಗುತ್ತದೆ. ಗಾಡಿಯ ಜೊತೆಗೇ ಬರುವ ಇಎಸ್‌ಸಿಯಲ್ಲಿ ಅದು ಇದೆ ಎಂದು ಎಲ್ಲೂ ಬರೆದಿಲ್ಲದಿದ್ದರೆ, ಇಲ್ಲ ಎಂದೇ ಲೆಕ್ಕ ಹಾಕುವುದು ಕ್ಷೇಮ.

ಒಂದು ವ್ಯಾಟ್‌ಗೆ 6 ಡಿಗ್ರಿ ಬಿಸಿಯೇರುವ ಸಣ್ಣ ಹೀಟ್‌ಸಿಂಕ್ ಇದ್ದರೆ 12 ವ್ಯಾಟ್‌ಗೆ ಏರಿಕೆ 72 ಡಿಗ್ರಿ. ಹೊರಗೆ 30 ಡಿಗ್ರಿ ಇರುವ ಸಂಜೆ ಅದು 102ಕ್ಕೆ ಮುಟ್ಟುತ್ತದೆ. ಬಹಳಷ್ಟು ಇಎಸ್‌ಸಿಗಳ ತಾಪ ರಕ್ಷಣೆ ಕೆಲಸ ಶುರು ಮಾಡುವುದು 100 ಡಿಗ್ರಿಯ ಆಚೀಚೆಯಲ್ಲೇ. ರಾಯಚೂರು, ಕಲಬುರಗಿ ಕಡೆಯ ಏಪ್ರಿಲ್–ಮೇ ಬಿಸಿಲಿನಲ್ಲಿ ಗಾಳಿಯೇ 40 ದಾಟಿರುವಾಗ ಇನ್ನೂ 10 ಡಿಗ್ರಿ ಮೊದಲೇ ಖರ್ಚಾಗಿರುತ್ತದೆ.

ಮೋಟರಿನ ಕಡೆಗೂ ಒಂದು ಮಾತು. ವೈಂಡಿಂಗ್ ರೋಧ 0.012 ಓಮ್ ಆದರೆ 25 ಆಂಪ್‌ಗೆ ತಾಮ್ರದಲ್ಲಿ ಕಳೆಯುವುದು 7.5 ವ್ಯಾಟ್. ಥ್ರಾಟಲ್ ಮಿತಿ ಅದನ್ನು ಒಂದು ಚೂರೂ ಕಡಿಮೆ ಮಾಡುವುದಿಲ್ಲ. ಮೋಟರಿನ ಅಕ್ಷಕ್ಕೇ ಫ್ಯಾನ್ ಕೂರಿಸಿದ ಗಾಡಿಗಳಲ್ಲಿ ಅರ್ಧ ಸುತ್ತಿಗೆ ಗಾಳಿಯೂ ಅರ್ಧ. ಬಿಸಿ ಉಳಿಯಿತು, ಗಾಳಿ ಹೋಯಿತು. ಹೆಚ್ಚು ಸುತ್ತಿನಲ್ಲಿ ಕಬ್ಬಿಣದ ಭಾಗದಲ್ಲಿ ಆಗುವ ನಷ್ಟ ಮಾತ್ರ ಮಿತಿಯಿಂದ ಇಳಿಯುತ್ತದೆ.

ಬ್ಯಾಟರಿ ಅರ್ಧ ಆಂಪ್ ಮಾತ್ರ ಕೊಡುತ್ತಿರುವುದರಿಂದ ಓಡುವ ಸಮಯವೂ ಉದ್ದವಾಗುತ್ತದೆ. 5000ರಲ್ಲಿ 4000 ಎಂಎಎಚ್ ಬಳಸಿದರೆ 12.5 ಆಂಪ್‌ಗೆ 19 ನಿಮಿಷ. ಪೂರ್ತಿ ವೇಗದಲ್ಲಿ ಓಡಿಸುವವರಿಗೆ ಬಿಸಿ ತುದಿ ಮುಟ್ಟುವ ಮೊದಲೇ ಬ್ಯಾಟರಿ ಖಾಲಿಯಾಗಿರುತ್ತದೆ. ಇಲ್ಲಿ ಆ ವಿಶ್ರಾಂತಿ ಇಲ್ಲ. ಮಕ್ಕಳು ಟ್ರಿಗರನ್ನು ನಡುವೆ ಹಿಡಿಯುವುದಿಲ್ಲ, ತುದಿಯವರೆಗೆ ಒತ್ತಿಯೇ ಇಡುತ್ತಾರೆ. ಅಲ್ಲಿಗೆ ಇಎಸ್‌ಸಿ ಅಷ್ಟು ಹೊತ್ತೂ ತನಗೆ ಅತ್ಯಂತ ಕಷ್ಟದ ಜಾಗದಲ್ಲೇ ನಿಂತಿರುತ್ತದೆ.

ಕೆಪ್ಯಾಸಿಟರ್‌ಗಳ ಕಷ್ಟ

ಇಎಸ್‌ಸಿಯ ಬ್ಯಾಟರಿ ತುದಿಯಲ್ಲಿರುವ ಕೆಪ್ಯಾಸಿಟರ್‌ಗಳು ಜೋಡಣೆ–ಬಿಡುವುಗಳ ಏರಿಳಿತವನ್ನು ನುಂಗುತ್ತವೆ. ಆ ಏರಿಳಿತದ ಕರೆಂಟ್ ಪೂರ್ತಿ ಥ್ರಾಟಲ್‌ನಲ್ಲಿ ಬಹಳ ಕಡಿಮೆ, ಸರಿಯಾಗಿ 50 ಶೇಕಡಾದಲ್ಲಿ ಅತಿ ಹೆಚ್ಚು: ಮೋಟರಿನ ಕರೆಂಟಿನ ಅರ್ಧ, ಇಲ್ಲಿ 12.5 ಆಂಪ್. ಥ್ರಾಟಲ್ ಮಿತಿಗೆ ಎಲ್ಲರೂ ಆರಿಸುವ ಅಂಕಿಯೂ ಅದೇ 50. ಬ್ಯಾಟರಿ ತಂತಿ ಉದ್ದವಾಗಿದ್ದಷ್ಟೂ ಈ ಭಾರ ಹೆಚ್ಚಾಗಿ ಕೆಪ್ಯಾಸಿಟರ್ ಮೇಲೇ ಬೀಳುತ್ತದೆ. ತಲೆ ಉಬ್ಬಿದ, ಬುಡದಲ್ಲಿ ಕಂದು ದ್ರವ ಒಸರಿದ ಕೆಪ್ಯಾಸಿಟರ್ ಕಂಡರೆ ಗಾಡಿ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ. ಬದಲಿಸುವಾಗ ಕಡಿಮೆ ಇಎಸ್‌ಆರ್‌ನದೇ (ಒಳಗಿನ ರೋಧ ಕಡಿಮೆಯಿರುವುದೇ) ಬೇಕು. 3ಎಸ್‌ಗೆ 25 ವೋಲ್ಟ್ ಸಾಕು, 35 ಇನ್ನೂ ಒಳ್ಳೆಯದು. ಕಾಲುಗಳನ್ನು ಆದಷ್ಟು ಗಿಡ್ಡ ಇಡಿ. ವ್ಯಾಟ್‌ಮೀಟರ್ ಸೇರಿಸಲೆಂದು ತಂತಿಯನ್ನು ಉದ್ದ ಮಾಡಿದ್ದರೆ ಅದನ್ನು ತೆಗೆದುಹಾಕಿ.

ರಸ್ತೆಯ ಮೇಲೆ ತೊಂದರೆಯಾಗದಿದ್ದುದು ಏಕೆಂದರೆ ಅಲ್ಲಿ ಉರುಳುವ ಪ್ರತಿರೋಧ ತೀರಾ ಕಡಿಮೆ. ಮೋಟರಿನ ಕರೆಂಟ್ ಐದಾರು ಆಂಪ್ ಇದ್ದರೆ ಡಯೋಡ್‌ನಲ್ಲಿ ಎರಡೂವರೆ ವ್ಯಾಟ್ ಮೀರುವುದಿಲ್ಲ. ನಿಂತಲ್ಲಿಂದ ಹೊರಡುವಾಗಿನ ಒಮ್ಮೆಲೇ ಏರುವ ಕರೆಂಟನ್ನೂ ಮಿತಿ ಅರ್ಧಕ್ಕೆ ಇಳಿಸುತ್ತದೆ. ಬರೀ ರಸ್ತೆಯಲ್ಲೇ ಓಡಿಸುವವರಿಗೆ 50 ಶೇಕಡಾ ಮಿತಿ ಎಲೆಕ್ಟ್ರಾನಿಕ್ಸ್‌ಗೆ ಒಳ್ಳೆಯದೇ, ಈ ಪ್ರಕರಣ ಅವರದ್ದಲ್ಲ. ಆದರೆ ಗಾಡಿ ಗೋಡೆಗೆ ಒತ್ತಿಕೊಂಡು ನಿಂತಾಗ ಮಿತಿಯನ್ನು ನಂಬಬಾರದು. 5.5 ವೋಲ್ಟ್ ಮತ್ತು ಮೋಟರ್, ತಂತಿ, ಮಾಸ್‌ಫೆಟ್ ಸೇರಿ 0.03 ಓಮ್ ಎಂದರೆ ಮೋಟರಿನಲ್ಲಿ 180 ಆಂಪ್ ದಾಟುತ್ತದೆ. ಚಕ್ರ ತಿರುಗದಿದ್ದರೆ ಟ್ರಿಗರ್ ಬಿಡಬೇಕು ಎಂಬುದನ್ನು ಮಗುವಿಗೆ ಮೊದಲ ಪಾಠವಾಗಿ ಕಲಿಸಿ.

ಅದೇ ವೇಗ, ಬೇರೆ ದಾರಿ

ಬೇಕಾದ್ದು ಗಂಟೆಗೆ 35ರ ಆಸುಪಾಸಿನ ವೇಗ. ಅದನ್ನು ಬಿಡುವಿನ ಹೊತ್ತು ಹೆಚ್ಚಿಸಿ ಪಡೆಯುವ ಬದಲು ಸೆಲ್ ಮತ್ತು ಹಲ್ಲು ಕಡಿಮೆ ಮಾಡಿ ಪಡೆಯಬೇಕು. ಬ್ಯಾಟರಿ 2ಎಸ್, ಪಿನಿಯನ್ 13ರಿಂದ 11ಕ್ಕೆ, ಸ್ಪರ್ ಅದೇ 54. ಒಟ್ಟು ಅನುಪಾತ 14 ಆಗುತ್ತದೆ. 7.4 ವೋಲ್ಟ್‌ಗೆ ಮೋಟರಿನ ಸುತ್ತು 25,900, ಗಾಡಿಯ ವೇಗ ಗಂಟೆಗೆ 38. 3ಎಸ್‌ನ ಅರ್ಧ ಥ್ರಾಟಲ್‌ಗಿಂತ ನಾಲ್ಕು ಕಿಲೋಮೀಟರ್ ಮಾತ್ರ ಹೆಚ್ಚು.

ಒಳಗಿನ ಲೆಕ್ಕ ಪೂರ್ತಿ ಬದಲಾಗಿದೆ. ಆಂಪ್ ಒಂದಕ್ಕೆ ಈಗ 0.6 ನ್ಯೂಟನ್ ಸಿಗುವುದರಿಂದ ಅದೇ ಹುಲ್ಲಿಗೆ ಮೋಟರಿನ ಕರೆಂಟ್ 21 ಆಂಪ್. ತಾಮ್ರದ ನಷ್ಟ 7.5ರಿಂದ 5.4 ವ್ಯಾಟ್‌ಗೆ ಇಳಿದಿದೆ. ಟ್ರಿಗರ್ ತುದಿಯಲ್ಲಿರುವಾಗ ಬಿಡುವಿನ ಹೊತ್ತೇ ಇಲ್ಲ, ಆದ್ದರಿಂದ ಡಯೋಡ್‌ನ ಬಿಸಿ ಇಲ್ಲ. ಇಎಸ್‌ಸಿಯಲ್ಲಿ ಉಳಿಯುವುದು ಒಂದು ವ್ಯಾಟ್‌ನ ಆಸುಪಾಸು. ಮೋಟರಿನ ಫ್ಯಾನ್ ಮೊದಲಿಗಿಂತ ಮೂರನೇ ಒಂದು ಪಾಲು ಜೋರಾಗಿ ತಿರುಗುತ್ತದೆ. ಮಗು ಟ್ರಿಗರನ್ನು ಪೂರ್ತಿ ಒತ್ತಿಯೇ ಓಡಿಸುವುದು ಮೊದಲು ಶಾಪವಾಗಿತ್ತು, ಈಗ ಅದೇ ಇಎಸ್‌ಸಿಗೆ ಅನುಕೂಲ. ಸ್ವಿಚ್ಚನ್ನು ಮಗು ಅಕಸ್ಮಾತ್ 100ಕ್ಕೆ ತಿರುಗಿಸಿದರೂ ಗಾಡಿ 67ಕ್ಕೆ ಏರಲಾರದು. ಸುರಕ್ಷತೆಯ ದೃಷ್ಟಿಯಿಂದ ಇದೊಂದೇ ಸಾಕು ಈ ದಾರಿ ಆರಿಸಲು.

38 ಕೂಡ ಹೆಚ್ಚು ಎನಿಸಿದರೆ ಇದರ ಮೇಲೆ 75 ಶೇಕಡಾ ಮಿತಿ ಹಾಕಿ. ವೇಗ 28ಕ್ಕೆ ಇಳಿಯುತ್ತದೆ, ಬಿಡುವು ಕಾಲು ಹೊತ್ತು ಮಾತ್ರ, ಡಯೋಡ್‌ನಲ್ಲಿ ಸುಮಾರು 4 ವ್ಯಾಟ್. ಅದು ತಾಳಬಹುದಾದದ್ದು.

ಇದಕ್ಕೆ ತೆರಬೇಕಾದ ಬೆಲೆ ಬ್ಯಾಟರಿ ಕಡೆಯಲ್ಲಿದೆ. ಮೋಟರಿನ 21 ಆಂಪ್ ಈಗ ಇಡಿಯಾಗಿ ಬ್ಯಾಟರಿಯಿಂದಲೇ ಬರಬೇಕು. 4000 ಎಂಎಎಚ್ ಬಳಕೆಗೆ ದಟ್ಟ ಹುಲ್ಲಿನಲ್ಲಿ 11 ನಿಮಿಷ, ಮೊದಲಿನ 19 ಇಲ್ಲ. ಕನೆಕ್ಟರ್ ಸಡಿಲವಾಗಿದ್ದರೆ, ಬೆಸುಗೆ ಮಂಕಾಗಿ ಕಾಳುಕಟ್ಟಿದ್ದರೆ ಅದು ಈಗ ಬಿಸಿಯಾಗಿ ಬಯಲಿಗೆ ಬರುತ್ತದೆ. ಎಕ್ಸ್‌ಟಿ60 ಅಥವಾ ಅದಕ್ಕಿಂತ ದೊಡ್ಡದು ಬೇಕು, ಬಿಳಿ ಪ್ಲಾಸ್ಟಿಕ್‌ನ ಹಳೆಯ ತಾಮಿಯಾ ಕನೆಕ್ಟರ್ ಬೇಡವೇ ಬೇಡ.

ಪಿನಿಯನ್ ಬದಲಿಸುವುದು ಹತ್ತು ನಿಮಿಷದ ಕೆಲಸ, ಆದರೆ ಹಲ್ಲಿನ ಅಳತೆ ಹೊಂದಲೇಬೇಕು. 32 ಪಿಚ್‌ನ ಸ್ಪರ್‌ಗೆ 48 ಪಿಚ್‌ನ ಪಿನಿಯನ್ ಹಾಕಿದರೆ ಮೊದಲ ಓಟದಲ್ಲೇ ಸ್ಪರ್ ಹೋಗುತ್ತದೆ. ಈ ಗಾತ್ರದ ಮೋಟರಿನ ಅಕ್ಷ ಸಾಮಾನ್ಯವಾಗಿ 3.17 ಮಿಲಿಮೀಟರ್. ಪಿನಿಯನ್ ಹಿಡಿದಿಡುವ ಗ್ರಬ್ ಸ್ಕ್ರೂ ಅಕ್ಷದ ಚಪ್ಪಟೆ ಭಾಗದ ಮೇಲೇ ಕೂರಬೇಕು, ಒಂದು ಹನಿ ನೀಲಿ ಥ್ರೆಡ್‌ಲಾಕ್ ಸಾಕು. ಎರಡು ಗೇರುಗಳ ನಡುವೆ ತೆಳು ಕಾಗದದ ಪಟ್ಟಿ ಇಟ್ಟು, ಮೋಟರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿಮಾಡಿ ಕಾಗದ ಹೊರಕ್ಕೆ ತಿರುಗಿಸಿ. ಸ್ಪರ್‌ನ ನಾಲ್ಕು ಬೇರೆ ಬೇರೆ ಜಾಗಗಳಲ್ಲಿ ಸಣ್ಣ ಅಲುಗಾಟ ಬೆರಳಿಗೆ ಗೊತ್ತಾಗಬೇಕು. ಇಎಸ್‌ಸಿಯ ಕಡಿಮೆ ವೋಲ್ಟೇಜ್ ಕಡಿತವನ್ನು ಸೆಲ್ ಒಂದಕ್ಕೆ 3.2ರಿಂದ 3.4 ವೋಲ್ಟ್ ನಡುವೆ ಇಡಿ.

ಮಿತಿ ಹಾಕುವ ಕ್ರಮದಲ್ಲಾಗುವ ತಪ್ಪು

ಇದೇ ಪ್ರಕರಣದಲ್ಲಿ ಹೊಸ ಇಎಸ್‌ಸಿ ಹಾಕಿದಾಗ ಇನ್ನೊಂದು ಗೊಂದಲವೂ ಹುಟ್ಟುವುದುಂಟು. ರೇಡಿಯೊದ ಇಪಿಎ (ಟ್ರಿಗರ್ ತುದಿ ಮುಟ್ಟಿದಾಗ ಸಂಕೇತ ಎಲ್ಲಿಯವರೆಗೆ ಹೋಗಬೇಕೆಂಬ ಹೊಂದಿಕೆ) 50ರಲ್ಲಿರುವಾಗಲೇ ಇಎಸ್‌ಸಿಯನ್ನು ಕ್ಯಾಲಿಬ್ರೇಟ್ ಮಾಡಿಬಿಡುತ್ತಾರೆ. ಇಎಸ್‌ಸಿ 1750 ಮೈಕ್ರೊಸೆಕೆಂಡನ್ನೇ ಪೂರ್ತಿ ಥ್ರಾಟಲ್ ಎಂದು ಕಲಿಯುತ್ತದೆ. ರೇಡಿಯೊ 50 ತೋರಿಸುತ್ತಿರುತ್ತದೆ, ಗಾಡಿ ಪೂರ್ತಿ ವೇಗದಲ್ಲಿ ಮಗುವಿನ ಕೈತಪ್ಪಿ ಹೋಗುತ್ತದೆ. ಬ್ರೇಕ್ ಕಡೆಯ ಇಪಿಎಯನ್ನೂ ಕಡಿಮೆ ಮಾಡಿದ್ದರೆ ನಿಲ್ಲಿಸುವುದೂ ಕಷ್ಟ.

ಸರಿಯಾದ ಕ್ರಮ ಹೀಗೆ. ಪಿನಿಯನ್ ಮೋಟರಿನಲ್ಲಿದ್ದರೆ ಗಾಡಿಯನ್ನು ಸ್ಟ್ಯಾಂಡ್ ಮೇಲೆ ಏರಿಸಿ, ಚಕ್ರಗಳು ಗಾಳಿಯಲ್ಲಿರಲಿ. ರೇಡಿಯೊದಲ್ಲಿ ಥ್ರಾಟಲ್ ಟ್ರಿಮ್ ಸೊನ್ನೆ, ಇಪಿಎ ಎರಡೂ ಕಡೆ 100, ಮಿತಿಯ ಸ್ವಿಚ್ 100. ಮೊದಲು ರೇಡಿಯೊ ಆನ್ ಮಾಡಿ. ಇಎಸ್‌ಸಿಯ ಗುಂಡಿ ಒತ್ತಿಹಿಡಿದು ಆನ್ ಮಾಡಿದರೆ ಬಹುತೇಕ ಮಾದರಿಗಳು ಕ್ಯಾಲಿಬ್ರೇಷನ್‌ಗೆ ಹೋಗುತ್ತವೆ. ತಟಸ್ಥ, ಪೂರ್ತಿ ಮುಂದೆ, ಪೂರ್ತಿ ಬ್ರೇಕ್, ಪ್ರತಿಯೊಂದಕ್ಕೂ ಒಮ್ಮೆ ಗುಂಡಿ ಒತ್ತಿ. ಅದು ಮುಗಿದ ಮೇಲಷ್ಟೇ ಮುಂದಿನ ದಿಕ್ಕಿನ ಮಿತಿ ಇಳಿಸಿ, ಬ್ರೇಕ್ 100ರಲ್ಲೇ ಇರಲಿ. ಕೊನೆಗೆ ಫೇಲ್‌ಸೇಫ್ ಪರೀಕ್ಷೆ: ಟ್ರಿಗರ್ ಸ್ವಲ್ಪ ಒತ್ತಿ ಚಕ್ರ ತಿರುಗುತ್ತಿರುವಾಗಲೇ ರೇಡಿಯೊ ಆಫ್ ಮಾಡಿ. ಚಕ್ರ ಕೂಡಲೇ ನಿಲ್ಲಬೇಕು.

ಇಎಸ್‌ಸಿಯಲ್ಲೇ ತರಬೇತಿ ಮೋಡ್ ಇದ್ದರೆ ರೇಡಿಯೊಗಿಂತ ಅದು ಮೇಲು. ಟ್ರ್ಯಾಕ್ಸಾಸ್‌ನ ವಿಎಕ್ಸ್‌ಎಲ್-3ಎಸ್‌ನ ಟ್ರೇನಿಂಗ್ ಮೋಡ್ ಮುಂದೆ–ಹಿಂದೆ ಎರಡನ್ನೂ 50 ಶೇಕಡಾಕ್ಕೆ ಇಳಿಸಿ ಬ್ರೇಕನ್ನು ಪೂರ್ತಿ ಬಿಡುತ್ತದೆ. ಮಗು ಗುಂಡಿ ತಿರುಗಿಸಿ ಅದನ್ನು ಬದಲಿಸಲಾರದು. ಆದರೆ ಬಿಸಿಯ ವಿಷಯದಲ್ಲಿ ರೇಡಿಯೊದ ಮಿತಿಗೂ ಇದಕ್ಕೂ ವ್ಯತ್ಯಾಸವಿಲ್ಲ, ಎರಡೂ ಮಾಡುವುದು ಬಿಡುವಿನ ಹೊತ್ತು ಹೆಚ್ಚಿಸುವುದನ್ನೇ.

ಬದಲಾವಣೆಯ ನಂತರದ ತಪಾಸಣೆ

ಅದೇ ಹುಲ್ಲು, ಅದೇ ಹೊತ್ತು. ಮೂರು ನಿಮಿಷಕ್ಕೊಮ್ಮೆ ನಿಲ್ಲಿಸಿ ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಅಳೆಯಿರಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ, ಆದ್ದರಿಂದ ಮೋಟರ್ ಮತ್ತು ಹೀಟ್‌ಸಿಂಕ್ ಮೇಲೆ ಮಾಸ್ಕಿಂಗ್ ಟೇಪ್‌ನ ಸಣ್ಣ ಚೂರು ಅಂಟಿಸಿ ಅದರತ್ತ ಹಿಡಿಯಿರಿ. ಮೋಟರ್ ಹೊರಮೈ 80 ಡಿಗ್ರಿ, ಬ್ಯಾಟರಿ 60 ಡಿಗ್ರಿ ದಾಟಿದರೆ ಅಲ್ಲಿಗೆ ನಿಲ್ಲಿಸಿ. ಹಾಗೆ ನಿಲ್ಲಿಸಿದ ಮೇಲೂ ಮೋಟರಿನ ಒಳಗಿನ ಬಿಸಿ ಹೊರಮೈಗೆ ಬರುತ್ತಾ ಇರುತ್ತದೆ, ಒಂದೆರಡು ನಿಮಿಷದ ನಂತರದ ಓದು ಮೊದಲಿನದ್ದಕ್ಕಿಂತ ಹೆಚ್ಚಿದ್ದರೆ ಅದನ್ನೇ ಲೆಕ್ಕಕ್ಕೆ ಹಿಡಿಯಿರಿ. ಇಎಸ್‌ಸಿಯ 30 ಮಿಲಿಮೀಟರ್ ಫ್ಯಾನ್‌ಗೆ ಹುಲ್ಲಿನ ಎಳೆ ಸುತ್ತಿಕೊಂಡಿದೆಯೇ ನೋಡಿ.

ನಿಂತಲ್ಲಿಂದ ಹೊರಡುವಾಗ ಗಾಡಿ ತಡವರಿಸಿ ನಡುಗಿದರೆ ಅದು ಸೆನ್ಸರ್ ಇಲ್ಲದ ಮೋಟರಿನ ಸ್ವಭಾವ. ಸುತ್ತು ಕಡಿಮೆಯಿರುವಾಗ ರೋಟರ್ ಎಲ್ಲಿದೆ ಎಂಬುದು ಇಎಸ್‌ಸಿಗೆ ತಿಳಿಯುವುದಿಲ್ಲ, ಊಹಿಸಿ ದೂಡುತ್ತದೆ, ಪ್ರತಿ ತಪ್ಪು ಊಹೆಗೂ ಕರೆಂಟ್ ಚಿಮ್ಮುತ್ತದೆ. ಸಣ್ಣ ಪಿನಿಯನ್ ಇದನ್ನು ಸಾಕಷ್ಟು ಕಡಿಮೆ ಮಾಡುತ್ತದೆ. ಉಳಿದದ್ದಕ್ಕೆ ಸೆನ್ಸರ್ ಇರುವ ಮೋಟರೇ ಮದ್ದು.

ಎರಡು ಮೂರು 3ಎಸ್ ಬ್ಯಾಟರಿ ಕೊಂಡಾಗಿದೆ, ಮತ್ತೆ 2ಎಸ್‌ಗೆ ಹಣ ಹಾಕಲಾರೆ ಎನ್ನುವವರಿಗೆ ಇನ್ನೊಂದು ದಾರಿ 2400 ಕೆವಿಯ ಮೋಟರ್. 3ಎಸ್‌ನಲ್ಲಿ ಅದರ ಸುತ್ತು 26,640, 11 ಹಲ್ಲಿನ ಪಿನಿಯನ್‌ಗೆ ಗಾಡಿಯ ವೇಗ 39. ಅದೇ ಹುಲ್ಲಿಗೆ ಕರೆಂಟ್ 14–15 ಆಂಪ್, ಬ್ಯಾಟರಿಯಿಂದಲೂ ಅಷ್ಟೇ. ಕನೆಕ್ಟರ್‌ಗೂ ಇಎಸ್‌ಸಿಗೂ ಇದು 2ಎಸ್‌ನ ದಾರಿಗಿಂತ ಹಗುರವಾದ ಕೆಲಸ. ಮೋಟರ್ ಮಾತ್ರ ಅಷ್ಟೇ ಬಿಸಿಯಾಗುತ್ತದೆ, ಏಕೆಂದರೆ ಕೆವಿ ಕಡಿಮೆಯಾಗಲು ಸುರುಳಿಯ ಸುತ್ತು ಹೆಚ್ಚಿಸಿರುತ್ತಾರೆ, ಅದರೊಂದಿಗೆ ರೋಧವೂ ಹೆಚ್ಚಿರುತ್ತದೆ. ಕೊಳ್ಳುವ ಮೊದಲು ಎರಡು ಅಳತೆ ನೋಡಿ: ಈ ಕೆವಿಯ ಮೋಟರ್‌ಗಳು ಹೆಚ್ಚಾಗಿ 60 ಮಿಲಿಮೀಟರ್ ಅಥವಾ ಅದಕ್ಕಿಂತ ಉದ್ದವಿರುವುದರಿಂದ ನಿಮ್ಮ ಷಾಸಿಯಲ್ಲಿ ಜಾಗವಿದೆಯೇ ಎಂಬುದು ಒಂದು, ಅಕ್ಷ 5 ಮಿಲಿಮೀಟರ್ ಇದ್ದರೆ ಪಿನಿಯನ್‌ನ ರಂಧ್ರವೂ 5 ಇರಬೇಕು ಎಂಬುದು ಇನ್ನೊಂದು.